ಎಚ್ ಅಂದ್ರೆ ಯಾರು

ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಟೋಕನ್ ಈ ಜನ್ಮದಲ್ಲಿ ಕರೀದೇ ಹೋಗ್ಲಿ, ಇದೇ ಬೆಂಚಿನ ಮೇಲೆ ನನಗೆ ಬೇರು ಬಿಡ್ಲಿ. ನಿಮ್ಮದೆಷ್ಟು? ನಲವತ್ತೇಳಾ? ಈಗ ಹತ್ತೊಂಬತ್ತು ನಡೀತಿದೆ. ಹಾಗಾದ್ರೆ ಆರಾಮಾಗಿ ಒರಗಿಕೊಳ್ಳಿ. ಚಿಕ್ಕಪ್ಪ ತೀರಿಕೊಂಡದ್ದನ್ನ ಬರೆಸೋಕೆ ಬಂದಿದ್ದೀರಿ, ಫಾರಂ ಆಗ್ಲೇ ತುಂಬಿದ್ದೀರಿ, ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಆ ಫಾರಮ್ಮಿನ ಮೊದಲ ಎರಡು ಸಾಲಿನ ಕಥೇನೇ ನಾನು ಹೇಳ್ತಿರೋದು.

ನಡೆದದ್ದು ಇದೇ ಕಚೇರಿಯಲ್ಲಿ. ಗೋಡೆ ಆಗ್ಲೂ ಹಸಿರೇ. ಜನ ಒರಗಿ ಒರಗಿ ತಲೆ ಎತ್ತರಕ್ಕೆ ಎಣ್ಣೆ ಜಿಡ್ಡಿನ ಪಟ್ಟಿ ಬಿದ್ದಿರೋದೂ ಹಳೇದೇ. ಹುಟ್ಟಿದವರನ್ನ ಎಡಗಡೆ ಕಿಟಕಿಯಲ್ಲಿ ಬರ್ಕೊಳ್ತಾರೆ, ಸತ್ತವರನ್ನ ಬಲಗಡೆ. ಮಧ್ಯದಲ್ಲೊಂದು ಕುಡಿಯೋ ನೀರಿನ ನಲ್ಲಿ ಇದೆ, ಅದು ಎರಡು ಕಡೆಯವರಿಗೂ ಬರಲ್ಲ.

ಇಲ್ಲಿ ಪೇಜಣ್ಣ ಅಂತ ಒಬ್ಬ ಇದ್ದ. ನಲವತ್ತು ದಾಟಿದ ಆಸಾಮಿ, ಮದುವೆ ಆಗಿರ್ಲಿಲ್ಲ, ಮಾತು ಕಮ್ಮಿ. ಕಂಪ್ಯೂಟರಿನಲ್ಲಿ ಪೇಜು ಮಾಡೋನು ಅಂತ ಆ ಹೆಸರು. ಮೊದಲು ಕೌಂಟರಿನವರು ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಕುಟ್ಟಬೇಕಿತ್ತು, ಒಂದು ಚುಕ್ಕಿ ತಪ್ಪಿದ್ರೆ ಸತ್ತವರನ್ನ ಮತ್ತೆ ಮೊದಲಿಂದ ಸಾಯಿಸಬೇಕಿತ್ತು. ಅದಕ್ಕೇ ಮೇಲಿನವರು ಪೇಜಣ್ಣನ್ನ ಕರೆಸಿ, ಚಂದದ ಒಂದು ಪೇಜು ಮಾಡಪ್ಪ, ಖಾನೆ ತುಂಬಿ ಬಟನ್ ಒತ್ತಿದ್ರೆ ಕೆಲಸ ಮುಗೀಬೇಕು ಅಂದ್ರು.

ಪೇಜಣ್ಣ ಮಾಡಿದ. ಆದ್ರೆ ಸಾಯಿಸೋ ಕೆಲಸ ಪೇಜು ಮಾಡಲ್ಲ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಡೇಟಾಬೇಸ್ ಅನ್ನೋದು ಒಂದು ಉಗ್ರಾಣ. ಅದರೊಳಗೆ ಬೀಗ ಹಾಕ್ಕೊಂಡು ಒಬ್ಬ ಅಡುಗೆಯವನು ಕೂತಿರ್ತಾನೆ, ಅವನಿಗೆ ಪ್ರೊಸೀಜರ್ ಅಂತಾರೆ. ಹೊರಗಿನವರು ಉಗ್ರಾಣಕ್ಕೆ ಕೈ ಹಾಕೋ ಹಾಗಿಲ್ಲ. ಕಿಟಕಿಯಿಂದ, ಇಂಥವರು, ಇಂಥವರು, ಇಂಥ ದಿನ ಅಂತ ಮೂರು ಚೀಟಿ ಒಳಗೆ ಹಾಕಬೇಕು. ಅವನು ಕೆಲಸ ಮುಗಿಸಿ, ಆಯ್ತು ಅಂತ ಕೂಗ್ತಾನೆ. ಏನು ಆಯ್ತು, ಯಾರಿಗೆ ಆಯ್ತು ಅಂತ ಹೇಳಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ಪೇಜು ಅಂದ್ರೆ ಆ ಕಿಟಕಿ, ಅಷ್ಟೇ.

ಆ ಪ್ರೊಸೀಜರನ್ನ ಇಪ್ಪತ್ತೆರಡು ವರ್ಷದ ಹಿಂದೆ ಬರೆದವರು ಮೇಷ್ಟ್ರು. ಅವರು ಪಾಠ ಮಾಡಿದವರಲ್ಲ, ಇದೇ ಕಚೇರಿ ನೌಕರರು. ಎಲ್ಲರ ಕಾಗುಣಿತ ತಿದ್ದುತ್ತಿದ್ದರು ಅಂತ ಆ ಹೆಸರು. ಮನುಷ್ಯರ ಕೈ ಮೇಲೆ ಅವರಿಗೆ ನಂಬಿಕೆ ಇರ್ಲಿಲ್ಲ. ಮರಣದ ರಿಜಿಸ್ಟರಿಗೆ ಕೈ ಹಾಕೋ ಹಕ್ಕು ಪ್ರೊಸೀಜರಿಗೆ ಮಾತ್ರ, ಪ್ರೊಸೀಜರಿಗೆ ಕೈ ಹಾಕೋ ಹಕ್ಕು ತಮಗೆ ಮಾತ್ರ ಅಂತ ಬಿಗಿಯಾಗಿ ಕಟ್ಟಿದ್ರು. ನಿವೃತ್ತಿ ಆದಮೇಲೂ ಅವರ ಪಾಸ್‌ವರ್ಡ್ ತೆಗೀಬಾರದು ಅಂತ ವಿಶೇಷ ಆದೇಶವೇ ಇತ್ತು.

ಪ್ರೊಸೀಜರಿಗೆ ಮೂರು ಚೀಟಿ ಅಂದ್ನಲ್ಲ, ಮೇಷ್ಟ್ರು ಅವಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರದ ಹೆಸರಿಟ್ಟಿದ್ರು. ಎಚ್, ಬಿ, ಡಿ. ಡಿ ಅಂದ್ರೆ ದಿನಾಂಕ, ಅದರಲ್ಲಿ ಜಗಳ ಇಲ್ಲ. ಎಚ್ ಅಂದ್ರೆ ಏನು, ಬಿ ಅಂದ್ರೆ ಏನು ಅಂತ ಎಲ್ಲೂ ಬರೆದಿರ್ಲಿಲ್ಲ. ಪೇಜಣ್ಣ ಒಂದು ಮಧ್ಯಾಹ್ನ ಟೀ ಆರೋವರೆಗೂ ಯೋಚನೆ ಮಾಡಿದ. ಎಚ್ ಅಂದ್ರೆ ಹೇಳಿದವರು, ಸಾವಿನ ಸುದ್ದಿ ತಂದು ಹೇಳಿದವರು. ಬಿ ಅಂದ್ರೆ ಬಿಟ್ಟುಹೋದವರು. ಕಣ್ಣಿಗೆ ಕಟ್ಟಿದ ಹಾಗಿದೆ ಅಂದ್ಕೊಂಡ. ಪಾಪ, ಅಪಾರ್ಥ ಅಂದ್ರೆ ಅಪಾರ್ಥಾನೂ ಅಲ್ಲ. ನನ್ನನ್ನ ಕೇಳಿದ್ರೂ ಹಾಗೇ ಹೇಳ್ತಿದ್ದೆ.

ಪರೀಕ್ಷೆ ಮಾಡಿದ, ಮಾಡಲಿಲ್ಲ ಅಂತ ಅಲ್ಲ. ಬೇರೆಯವರ ಹೆಸರಲ್ಲಿ ಸಾವು ಬರೆದು ನೋಡೋಕೆ ಮನಸ್ಸು ಬರಲಿಲ್ಲ. ಒಳ್ಳೇ ಮನುಷ್ಯ. ಎರಡು ಖಾನೆಗೂ ತನ್ನ ಹೆಸರನ್ನೇ ಹಾಕಿದ. ಪೇಜಣ್ಣ ಸತ್ತ, ಪೇಜಣ್ಣನೇ ಬಂದು ಹೇಳಿದ. ಪರದೆ ಮೇಲೆ ಹಸಿರು ಅಕ್ಷರದಲ್ಲಿ ಯಶಸ್ವಿ ಅಂತ ಬಂತು. ಪರೀಕ್ಷೆಯ ರಿಜಿಸ್ಟರ್ ಅಳಿಸಿ ಹಾಕಿ, ಪೇಜು ಕೌಂಟರಿಗೆ ಬಿಟ್ಟ.

ಈಗ ಅವನ ಅಕ್ಕನ ವಿಷಯಕ್ಕೆ ಬರ್ತೀನಿ. ಪೇಜಣ್ಣನಿಗೆ ನಾಲ್ಕು ವರ್ಷ ಇದ್ದಾಗ ತಾಯಿ ಹೋದ್ರು, ಅಕ್ಕನಿಗೆ ಆಗ ಹದಿನಾಲ್ಕು. ಅವನಿಗೆ ಜುಟ್ಟು ಬಾಚಿದ್ದು, ಹೊಡೆದದ್ದು, ಓದಿಸಿದ್ದು ಎಲ್ಲಾ ಅಕ್ಕ. ಶಾಲೆ ಮಕ್ಕಳ ಯೂನಿಫಾರಂ ಹೊಲೀತಿದ್ರು. ಬಾಯಲ್ಲಿ ಯಾವಾಗ್ಲೂ ನಾಲ್ಕು ಗುಂಡುಸೂಜಿ. ಹಾಗಾಗಿ ಬೈದ್ರೂ ಮುದ್ದು ಮಾಡಿದ್ರೂ ಎಲ್ಲಾ ಹಲ್ಲಿನ ಸಂದಿಯಿಂದಾನೇ. ಅಪ್ಪ ಬೀಗ ರಿಪೇರಿ ಮಾಡ್ತಿದ್ರು. ಮೂರು ಜನ, ಎರಡು ಕೋಣೆ, ಒಂದು ಹೊಲಿಗೆ ಮಿಷನ್, ಗೋಡೆ ತುಂಬಾ ಯಾರದೋ ಬೀಗದ ಕೈಗಳು.

ಅಕ್ಕನಿಗೆ ಎದೆಯೊಳಗಿನ ಕವಾಟ ಸಣ್ಣ ಆಗಿತ್ತು. ಮೆಟ್ಟಿಲು ಹತ್ತಿದ್ರೆ ತುಟಿ ನೀಲಿ. ದೊಡ್ಡಾಸ್ಪತ್ರೆಯವರು ಹತ್ತು ತಿಂಗಳು ಕಾಯಿಸಿ ಆಪರೇಷನ್ನಿಗೆ ಇಪ್ಪತ್ತೆಂಟನೇ ತಾರೀಕು ಅಂತ ಕೊಟ್ಟಿದ್ರು. ಅಷ್ಟರಲ್ಲಿ ಹದಿನಾಲ್ಕನೇ ತಾರೀಕು ಅಪ್ಪ ಒಂದು ಬೀಗ ಕೈಯಲ್ಲಿ ಹಿಡ್ಕೊಂಡೇ ಹೋಗ್ಬಿಟ್ರು. ಆ ಬೀಗ ಇವತ್ತಿಗೂ ತೆಗೆದಿಲ್ಲ.

ಹದಿನೇಳಕ್ಕೆ ಅಕ್ಕ ಅಪ್ಪನ ಸಾವು ಬರೆಸೋಕೆ ಬಂದ್ರು. ಇದೇ ಬೆಂಚು, ಆ ತುದಿ. ಪೇಜಣ್ಣ ಒಳಗಿಂದ ಬಂದು, "ಎರಡೇ ನಿಮಿಷ ಅಕ್ಕ, ನನ್ನದೇ ಪೇಜು" ಅಂದ. ಸ್ವಲ್ಪ ಹೆಮ್ಮೆ. ಅಕ್ಕ ಫಾರಂ ತುಂಬಿದ್ರು. ಮೊದಲನೇ ಸಾಲು, ಬಂದು ಹೇಳಿದವರು, ಅಲ್ಲಿ ತಮ್ಮ ಹೆಸರು. ಎರಡನೇ ಸಾಲು, ಹೋದವರು, ಅಲ್ಲಿ ಅಪ್ಪನ ಹೆಸರು. ಕೌಂಟರಿನವರು ಹಾಗೇ ಪೇಜಿಗೆ ಇಳಿಸಿದ್ರು, ಬಟನ್ ಒತ್ತಿದ್ರು. ಹಸಿರು ಅಕ್ಷರ ಬಂತು.

"ಏನೋ, ಅಪ್ಪನ್ನ ಕಳಿಸೋಕೆ ಎರಡು ನಿಮಿಷ ಸಾಕಾ?" ಅಂದ್ರು ಅಕ್ಕ ಬಾಗಿಲ ಹತ್ರ. "ಒಂದು ಪೆಟ್ಟಿಗೆ ತೆಗೆಯೋಕೆ ಅವರು ಅರ್ಧ ದಿನ ಕೂರ್ತಿದ್ರು."

"ಕಂಪ್ಯೂಟರ್ ಅಲ್ವಾ ಅಕ್ಕ."

"ಹೂಂ. ನಂದೂ ಇಷ್ಟು ಬೇಗ ಮುಗಿಸಿಬಿಡು ಮತ್ತೆ."

ತಮಾಷೆಗೆ ಅಂದದ್ದು. ಆಗ್ಲೇ ಮುಗಿದಿತ್ತು.

ಇಪ್ಪತ್ನಾಲ್ಕಕ್ಕೆ ಅಕ್ಕ ತಾರೀಕು ಖಾತ್ರಿ ಮಾಡ್ಕೊಳ್ಳೋಣ ಅಂತ ಆಸ್ಪತ್ರೆಗೆ ಹೋದ್ರು. ಜೊತೆಗೆ ಪೇಜಣ್ಣ. ಅಲ್ಲಿ ಪಟ್ಟಿ ನೋಡ್ಕೊಳ್ಳೋ ಹೆಂಗಸು ಪರದೆ ನೋಡಿದ್ರು, ಅಕ್ಕನ್ನ ನೋಡಿದ್ರು, ಮತ್ತೆ ಪರದೆ ನೋಡಿದ್ರು.

"ಇವರು ತೀರಿಕೊಂಡಿದ್ದಾರಲ್ಲ."

"ಹೌದಾ? ಯಾವಾಗ?" ಅಂದ್ರು ಅಕ್ಕ.

"ಹದಿನಾಲ್ಕನೇ ತಾರೀಕು."

"ಅವತ್ತು ನನಗೆ ಪುರುಸೊತ್ತೇ ಇರ್ಲಿಲ್ವಲ್ಲಮ್ಮ. ನಮ್ಮಪ್ಪ ಸತ್ತಿದ್ರು."

ಪಟ್ಟಿಯ ಹೆಂಗಸಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. "ನೋಡಿ, ನೀವು ಎದುರಿಗೆ ಕೂತಿರೋದು ನನಗೆ ಕಾಣುತ್ತೆ. ಪಟ್ಟಿಗೆ ಕಣ್ಣಿಲ್ಲ. ಅದು ಮರಣದ ರಿಜಿಸ್ಟರ್ ನೋಡಿ ಹೆಸರು ತೆಗೆಯುತ್ತೆ, ಡಾಕ್ಟರು ಪಟ್ಟಿ ನೋಡಿ ಕೊಯ್ತಾರೆ. ಇಪ್ಪತ್ತೆಂಟರ ಜಾಗ ಇನ್ನೂ ಯಾರಿಗೂ ಕೊಟ್ಟಿಲ್ಲ. ಇಪ್ಪತ್ತಾರಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತೆ. ಅಷ್ಟರಲ್ಲಿ ರಿಜಿಸ್ಟರಿನಲ್ಲಿ ಬದುಕಿ ಬನ್ನಿ, ಜಾಗ ನಿಮ್ಮದೇ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಮತ್ತೆ ಹತ್ತು ತಿಂಗಳು."

ಹತ್ತು ತಿಂಗಳು ಆ ಕವಾಟ ತಡಿಯಲ್ಲ ಅಂತ ಮೂವರಿಗೂ ಗೊತ್ತಿತ್ತು.

ಪೇಜಣ್ಣ ಅಲ್ಲಿಂದ ಸೀದಾ ಕಚೇರಿಗೆ ಬಂದು ರಿಜಿಸ್ಟರ್ ತೆಗೆದು ನೋಡಿದ. ನೋಡೋ ಹಕ್ಕು ಇತ್ತು, ಮುಟ್ಟೋ ಹಕ್ಕಿರ್ಲಿಲ್ಲ. ಹೋದವರು, ಅಕ್ಕ. ಬಂದು ಹೇಳಿದವರು, ಅಪ್ಪ. ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ. ಗಂಡನ ಸಾವು ಹೇಳೋಕೆ ಬಂದ ಹೆಂಡತಿ ಸತ್ತಿದ್ದಳು, ಗಂಡ ಬಂದು ಹೇಳಿದ್ದ. ಮೂರು ದಿನದ ಕೂಸು ಬಂದು ಅವರಜ್ಜ ತೀರಿಕೊಂಡ್ರು ಅಂತ ಬರೆಸಿತ್ತು. ಪೇಜು ಶುರುವಾಗಿ ನಲವತ್ತು ದಿನ, ಮುನ್ನೂರ ಹನ್ನೆರಡು ಜನ. ಸುದ್ದಿ ತಂದವರನ್ನೆಲ್ಲಾ ಪ್ರೊಸೀಜರ್ ಸಾಲಾಗಿ ಮಲಗಿಸಿತ್ತು. ಆ ಕಂಬದ ಪಕ್ಕ ನೀಲಿ ಶರ್ಟಿನವರು ಕೂತಿದ್ದಾರಲ್ಲ, ಕಡಲೆಬೀಜ ತಿಂತಾ, ಅವರು ಹೋಗಿ ಏಳು ತಿಂಗಳಾಯ್ತು. ತಿರುಗಿ ನೋಡ್ಬೇಡಿ, ಬೇಜಾರು ಮಾಡ್ಕೊತಾರೆ.

ಪೇಜಣ್ಣ ಎದ್ದ. ಸಾಹೇಬರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಸಾಹೇಬರು ಕನ್ನಡಕ ತೆಗೆದು ಒರೆಸಿದ್ರು. ಅವರು ಕನ್ನಡಕ ಒರೆಸಿದ್ರು ಅಂದ್ರೆ ನೋಡೋ ಮನಸ್ಸಿಲ್ಲ ಅಂತ ಅರ್ಥ.

"ತಪ್ಪು ಪ್ರೊಸೀಜರಿಂದೋ, ಪೇಜಿಂದೋ?"

"ನಂದು ಸಾರ್. ಚೀಟಿ ಅದಲು ಬದಲಾಗಿದೆ. ಪೇಜಿನಲ್ಲಿ ಒಂದು ಸಾಲು ತಿದ್ದಿದ್ರೆ ಇವತ್ತಿಂದಾದ್ರೂ ಸರಿ ಹೋಗುತ್ತೆ. ಐದು ನಿಮಿಷ."

"ಅವಸರ ಮಾಡ್ಬೇಡ. ಇವತ್ತು ಸರಿ ಮಾಡಿದ್ರೆ ನಿನ್ನೆವರೆಗೂ ತಪ್ಪಿತ್ತು ಅಂತ ಒಪ್ಕೊಂಡ ಹಾಗೆ."

"ತಪ್ಪಿತ್ತಲ್ಲ ಸಾರ್."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಕಾಗದಕ್ಕೆ ಗೊತ್ತಾ?" ಸಾಹೇಬರು ಕನ್ನಡಕ ಹಾಕ್ಕೊಂಡ್ರು. "ಮುನ್ನೂರು ಜನ ಒಂದೇ ದಿನ ಎದ್ದು ಕೂತ್ರೆ ಮೇಲಿನವರಿಗೆ ನಾನೇನು ಬರೀಲಿ? ಒಬ್ಬೊಬ್ಬರೇ ದೂರು ಕೊಡ್ಲಿ, ಪರಿಶೀಲನೆ ಮಾಡೋಣ. ನಲವತ್ತು ದಿನದ ಗಡುವು ಇದೆ."

"ನಮ್ಮಕ್ಕನಿಗೆ ಎರಡು ದಿನ ಇದೆ ಸಾರ್."

"ಅಯ್ಯೋ ಪಾಪ. ಅವರ ದೂರು ಮೊದಲು ತಗೋತೀವಿ. ಫಾರಂ ಹೊರಗೆ ಸಿಗುತ್ತೆ."

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಇವರ ಕೈಯಲ್ಲಿ ಕೋಲೇ ಇರ್ಲಿಲ್ಲ, ಅದು ಬೇರೆ ಮಾತು. ಸಾಹೇಬರಿಗೆ ಮನಸ್ಸು ಬಂದಿದ್ರೂ ಸತ್ತವರನ್ನ ಎಬ್ಬಿಸೋ ಪ್ರೊಸೀಜರ್ ಅಂತ ಒಂದು ಇರ್ಲೇ ಇಲ್ಲ. ಬರೆಯೋದಾದ್ರೆ ಮೇಷ್ಟ್ರೇ ಬರೀಬೇಕು. ಪೇಜಣ್ಣ ದೂರು ಕೊಟ್ಟು, ನಂಬರ್ ತಗೊಂಡು, ಮಾರನೇ ದಿನ ಬೆಳಿಗ್ಗೆ ಮೇಷ್ಟ್ರ ಮನೆ ಹುಡುಕಿಕೊಂಡು ಹೋದ.

ಇಪ್ಪತ್ತೈದು ನಡೀತಿದೆ ನೋಡಿ ಅಲ್ಲಿ. ಇನ್ನೂ ಟೈಮಿದೆ.

ಮೇಷ್ಟ್ರು ಮೂರನೇ ಮಹಡಿಯಲ್ಲಿದ್ರು. ಬಾಗಿಲು ತೆಗೆದು, ಒಳಗೆ ಕೂರಿಸಿ, ಮೂರು ಲೋಟ ತಂದಿಟ್ಟು, ಆಮೇಲೆ ಯೋಚನೆ ಮಾಡಿ ಒಂದನ್ನ ಮೇಜಿಂದ ಎತ್ತಿ ಒಳಗಿಟ್ಟು ಬಂದ್ರು. ಐದು ವಾರದ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ರು. ಕಂಪ್ಯೂಟರ್ ತೆರೆದಿತ್ತು.

"ಒಳ್ಳೇ ಹೊತ್ತಿಗೆ ಬಂದೆ. ಐದು ವಾರದಿಂದ ನನ್ನ ಪಾಸ್‌ವರ್ಡ್ ತಗೊಳ್ತಿಲ್ಲ. ವಯಸ್ಸಾಯ್ತು, ಮರೆತೇನೋ ಅಂದ್ಕೊಂಡು ದಿನಾ ಹೊಸದೊಂದು ಹೊಡೀತೀನಿ."

"ಮರೆತಿಲ್ಲ ಮೇಷ್ಟ್ರೇ. ನೀವು ಹೋಗಿದ್ದೀರಿ."

"ಎಲ್ಲಿಗೆ?"

"ರಿಜಿಸ್ಟರಿನಲ್ಲಿ. ಮನೆಯವರ ಸಾವು ಬರೆಸೋಕೆ ನೀವೇ ಬಂದಿದ್ರಲ್ಲ."

ಮೇಷ್ಟ್ರಿಗೆ ಎರಡನೇ ಸಲ ಹೇಳೋ ಅಗತ್ಯ ಬೀಳಲಿಲ್ಲ. ಸತ್ತ ನೌಕರರ ಪಾಸ್‌ವರ್ಡ್ ತಾನಾಗಿ ಮುಚ್ಚಿಕೊಳ್ಳೋ ಹಾಗೆ ಕಟ್ಟಿದವರೂ ಅವರೇ. ಲೋಟ ಪಕ್ಕಕ್ಕೆ ಸರಿಸಿದ್ರು.

"ಎಚ್ ಅಂದ್ರೆ ಏನು ಅಂದ್ಕೊಂಡೆ?"

"ಹೇಳಿದವರು."

"ಬಿ?"

"ಬಿಟ್ಟುಹೋದವರು."

"ಹೋದವರು, ಬಂದವರು ಕಣಯ್ಯಾ," ಅಂದ್ರು ಮೇಷ್ಟ್ರು. "ಎಚ್ ಹೋದವರು, ಬಿ ಬಂದವರು. ಇಷ್ಟು ಸಲೀಸು." ಮತ್ತೆ ತಾವೇ, "ನಿಂದೂ ಕೂಡುತ್ತೆ. ಭಾಷೆ ಚೆನ್ನಾಗಿದೆ ನಿಂದು. ಹಾಳಾಗಿ ಹೋಗೋಷ್ಟು ಚೆನ್ನಾಗಿದೆ."

"ಪೂರ್ತಿ ಹೆಸರು ಬರೀಬಾರದಿತ್ತಾ ಮೇಷ್ಟ್ರೇ?"

"ಬರೀಬಹುದಿತ್ತು. ನನಗೆ ಅರ್ಥ ಆಗ್ತಿತ್ತಲ್ಲ, ಬರೀಲಿಲ್ಲ."

ಮುಂದೆ ಅವರು ಕೇಳಿದ್ದನ್ನ ಪೇಜಣ್ಣ ನಿರೀಕ್ಷೆ ಮಾಡಿರ್ಲಿಲ್ಲ.

"ಹಾಗಾದ್ರೆ ನಮ್ಮನೆಯವಳು?"

"ಇದ್ದಾರೆ ಮೇಷ್ಟ್ರೇ. ರಿಜಿಸ್ಟರಿನಲ್ಲಿ ಇದ್ದಾರೆ."

ಮೇಷ್ಟ್ರು ಎದ್ದು ಹೋಗಿ, ಒಳಗಿಟ್ಟಿದ್ದ ಲೋಟ ತಂದು ಮತ್ತೆ ಮೇಜಿನ ಮೇಲಿಟ್ರು.

"ನಿಮ್ಮಕ್ಕನ್ನ ಎಬ್ಬಿಸ್ಕೋ. ದಾರಿ ಹೇಳ್ತೀನಿ. ನಮ್ಮನೆ ಸಾಲು ಮಾತ್ರ ಮುಟ್ಟಬೇಡ."

"ಎಬ್ಬಿಸೋಕೆ ಯಾಕೆ ಏನೂ ಬರೀಲಿಲ್ಲ ನೀವು?"

"ಅಲ್ಲಪ್ಪ, ನಾನು ಕೆಲಸಕ್ಕಿದ್ದಷ್ಟು ದಿನ ಯಾರೂ ವಾಪಸ್ ಬಂದು ಕೇಳಿರ್ಲಿಲ್ಲ."

ದಾರಿ ಇಷ್ಟೇ. ಪ್ರೊಸೀಜರಿಗೆ ಕೈ ಹಾಕೋದು ಬೇಡ, ಅದನ್ನೇ ಇನ್ನೊಂದು ಸಲ ಓಡಿಸೋದು. ಹೆಸರು ಹಿಂದಿನ ಸಲದ ಹಾಗೇ, ಎಚ್‌ಗೆ ಅಕ್ಕ, ಬಿಗೆ ಅಪ್ಪ. ಡಿ ಮಾತ್ರ ಖಾಲಿ. ಸತ್ತ ದಿನ ಇದ್ದ ಜಾಗಕ್ಕೆ ಖಾಲಿ ಹೋಗಿ ಕೂರುತ್ತೆ. ಸತ್ತ ದಿನ ಇಲ್ಲದವರು ಬದುಕಿದ್ದಾರೆ ಅಂತ ಲೆಕ್ಕ. ದಿನಾಂಕ ಖಾಲಿ ಬಿಟ್ರೆ ಪೇಜು ಬೈಯುತ್ತೆ, ಆದ್ರೆ ಪೇಜು ಪೇಜಣ್ಣನದೇ. ಆ ಬೈಗುಳದ ಸಾಲು ತೆಗೆದ್ರೆ ಆಯ್ತು.

"ಖಂಡಿತಾನಾ ಮೇಷ್ಟ್ರೇ?"

"ನಾನೇ ಬರೆದದ್ದು ಕಣಪ್ಪ."

ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ಅಕ್ಕ ಬೇಗ ಹೊರಟ್ರು. ಹನ್ನೆರಡಕ್ಕೆ ಪಟ್ಟಿ ಮುಚ್ಚೋ ಮುಂಚೆ ಆಸ್ಪತ್ರೆಯಲ್ಲಿ ಕೂತಿರಬೇಕು, ಇವನು ಎಬ್ಬಿಸಿದ ತಕ್ಷಣ ಹೆಸರು ಸೇರಿಸಬೇಕು ಅಂತ ಮಾತಾಗಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, "ಹೋಗ್ತೀನಿ ಕಣೋ" ಅಂದ್ರು.

"ಬರ್ತೀನಿ ಅನ್ನು ಅಕ್ಕ."

"ಸತ್ತವಳು ಬರ್ತೀನಿ ಅಂದ್ರೆ ಅಕ್ಕಪಕ್ಕದವರು ಹೆದರ್ತಾರೆ. ಮೊದಲು ಎಬ್ಬಿಸು, ಆಮೇಲೆ ಬರ್ತೀನಿ ಅಂತೀನಿ."

ಬಾಯಲ್ಲಿ ಸೂಜಿ ಇರ್ಲಿಲ್ಲ ಅವತ್ತು. ಮಾತು ಸ್ಪಷ್ಟವಾಗಿತ್ತು. ಪೇಜಣ್ಣನಿಗೆ ಅದೇ ಸರಿ ಕಾಣಲಿಲ್ಲ.

ಹನ್ನೊಂದು ಗಂಟೆಗೆ ಸಾಹೇಬರು ಮೀಟಿಂಗಿಗೆ ಹೋದ್ರು. ಪೇಜಣ್ಣ ಬೈಗುಳದ ಸಾಲು ತೆಗೆದ. ಮೊದಲನೇ ಖಾನೆಗೆ ಅಕ್ಕನ ಹೆಸರು ಹಾಕಿದ, ಎರಡನೇದಕ್ಕೆ ಅಪ್ಪನ ಹೆಸರು. ಅಕ್ಕನ ಹೆಸರಿನ ಕಾಗುಣಿತ ಮೂರು ಸಲ ನೋಡಿದ. ದಿನಾಂಕ ಖಾಲಿ ಬಿಟ್ಟ. ಒತ್ತಿದ. ಹಸಿರು ಅಕ್ಷರ, ಯಶಸ್ವಿ.

ಫೋನು ಮಾಡಿದ. "ಆಯ್ತು ಅಕ್ಕ. ನೀನು ಎದ್ದೆ."

"ಎದ್ನಾ? ನನಗೇನೂ ಗೊತ್ತಾಗಲಿಲ್ಲ," ಅಂದ್ರು ಅಕ್ಕ. ಉಸಿರು ಜೋರಿತ್ತು. ಲಿಫ್ಟು ಕೆಟ್ಟಿತ್ತಂತೆ, ಎರಡು ಮಹಡಿ ಹತ್ತಿದ್ರಂತೆ. "ಇರು, ಆ ಹೆಂಗಸಿನ ಹತ್ರ ಹೋಗ್ತೀನಿ, ಫೋನು ಇಡಬೇಡ."

ಪೇಜಣ್ಣ ಕಿವಿಗಿಟ್ಟುಕೊಂಡೇ ಇದ್ದ. ಕುರ್ಚಿ ಎಳೆದ ಸದ್ದು, ಕೀಲಿಮಣೆ ಸದ್ದು, ಪಟ್ಟಿಯ ಹೆಂಗಸಿನ ದನಿ.

"ಇಲ್ಲಮ್ಮ. ಇನ್ನೂ ತೀರಿಕೊಂಡಿದ್ದೀರಿ."

"ಹದಿನಾಲ್ಕಕ್ಕೇನಾ?"

"ಅಲ್ಲ. ಬದಲಾಗಿದೆ. ಇವತ್ತು ಅಂತ ತೋರಿಸ್ತಿದೆ."

ಆಮೇಲೆ ಅಕ್ಕನ ದನಿ, ಫೋನಿಗೆ ತೀರಾ ಹತ್ತಿರ. "ಏನೋ ಇದು? ಹತ್ತಿರ ಹತ್ತಿರ ಬರ್ತಿದೆ."

ಮೇಷ್ಟ್ರು ಸುಳ್ಳು ಹೇಳಿರ್ಲಿಲ್ಲ, ಮರೆತಿದ್ರು. ಪ್ರೊಸೀಜರ್ ಬರೆದು ಒಂಬತ್ತು ವರ್ಷ ಆದಮೇಲೆ, ಕೌಂಟರಿನವರು ದಿನಾಂಕ ಹಾಕೋಕೆ ಸೋಮಾರಿತನ ಮಾಡ್ತಾರೆ ಅಂತ ಕೋಪ ಬಂದು, ಅವರೇ ಒಂದು ಸಾಲು ಸೇರಿಸಿದ್ರು. ಡಿ ಖಾಲಿ ಬಂದ್ರೆ ಇವತ್ತಿನ ತಾರೀಕು ಹಾಕ್ಕೋ. ಒಳಗೆ ಕೂತ ಅಡುಗೆಯವನು ಮರೀಲಿಲ್ಲ. ಅವನು ಏನನ್ನೂ ಮರೆಯಲ್ಲ.

"ಅಕ್ಕ, ಅಲ್ಲೇ ಕೂತಿರು, ಏನಾದ್ರೂ ಮಾಡ್ತೀನಿ" ಅಂದ ಪೇಜಣ್ಣ.

"ಕೂತಿದ್ದೀನಿ" ಅಂದ್ರು ಅಕ್ಕ.

ಪೇಜಣ್ಣ ಮೇಷ್ಟ್ರಿಗೆ ಫೋನು ಮಾಡಿದ, ಎತ್ತಲಿಲ್ಲ. ಒಂದು ಸಲ ಹುಟ್ಟಿದ ತಾರೀಕನ್ನೇ ಸತ್ತ ತಾರೀಕಾಗಿ ಕಳಿಸಿದ, ತೀರಾ ಮುಂದಿನ ಶತಮಾನದ ಒಂದು ತಾರೀಕೂ ಕಳಿಸಿ ನೋಡಿದ. ಪ್ರೊಸೀಜರ್ ಎರಡನ್ನೂ ತಿರಸ್ಕರಿಸ್ತು, ಮೇಷ್ಟ್ರು ಅಷ್ಟು ಹುಷಾರಿದ್ರು. ಹನ್ನೆರಡಕ್ಕೆ ಪಟ್ಟಿ ಮುಚ್ಚಿತು. ಪಟ್ಟಿಯ ಹೆಂಗಸು ಊಟಕ್ಕೆ ಎದ್ದು ಹೋಗುವಾಗ ಅಕ್ಕ ಬೆಂಚಿನ ಮೇಲೆ ಗೋಡೆಗೆ ತಲೆ ಒರಗಿಸಿ ಕೂತಿದ್ರು. ನಿದ್ದೆ ಬಂದಿರಬೇಕು, ಮೆಟ್ಟಿಲು ಹತ್ತಿದ್ದಾರಲ್ಲ ಅಂದ್ಕೊಂಡ್ರು. ಊಟ ಮುಗಿಸಿ ಬಂದಾಗಲೂ ಹಾಗೇ ಇದ್ರು. ಡಾಕ್ಟರನ್ನ ಕರೆದ್ರು. ಪಟ್ಟಿಯಲ್ಲಿ ಹೆಸರು ಇಲ್ಲದವರನ್ನ ಡಾಕ್ಟರು ಮೊದಲನೇ ಸಲ ನೋಡಿದ್ದು ಆಗ್ಲೇ.

ಡಾಕ್ಟರು ಕವಾಟ ಅಂದ್ರು. ಪೇಜಣ್ಣ ಮಾತ್ರ ಹನ್ನೊಂದು ಗಂಟೆಗೆ ತಾನು ಒತ್ತಿದ ಬಟನ್ ಅಂತಾನೆ.

ಮೂರು ದಿನ ಬಿಟ್ಟು ಪೇಜಣ್ಣ ಅಕ್ಕನ ಸಾವು ಬರೆಸೋಕೆ ಬಂದ. ಟೋಕನ್ ತಗೊಂಡು, ಎಲ್ಲರ ಹಾಗೆ ಇದೇ ಬೆಂಚಿನ ಮೇಲೆ ಕೂತ, ಫಾರಂ ತುಂಬಿದ, ಕರೆದಾಗ ಎದ್ದು ಹೋದ. ಕೌಂಟರಿನವರು ಪರದೆ ನೋಡಿ, "ಇದು ಆಗ್ಲೇ ಆಗಿದೆಯಲ್ಲಪ್ಪ" ಅಂದ್ರು. "ಇಪ್ಪತ್ತಾರಕ್ಕೇ ಬರೆಸಿದ್ದಾರೆ, ತಾರೀಕೂ ಸರಿಯಿದೆ."

"ಯಾರು ಬರೆಸಿದ್ದು ಅಂತ ಇದೆ?"

"ನಿಮ್ಮಪ್ಪ."

ಪೇಜಣ್ಣ ಫಾರಂ ವಾಪಸ್ ತಗೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಅದೇ ವಾರ ಅವನು ಕೊಟ್ಟಿದ್ದ ದೂರಿಗೂ ಉತ್ತರ ಬಂತು. ನಲವತ್ತು ದಿನ ಅಂದಿದ್ರು, ಆರೇ ದಿನಕ್ಕೆ ಬಂತು, ಮೊದಲು ತಗೋತೀವಿ ಅಂತ ಸಾಹೇಬರು ಮಾತು ಕೊಟ್ಟಿದ್ರಲ್ಲ. ಪರಿಶೀಲಿಸಲಾಗಿ ದಾಖಲೆ ಸರಿಯಿರುವುದು ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ದುಂಡನೆಯ ಸೀಲು.

ಅಪ್ಪನ ಸಾವು ಇವತ್ತಿಗೂ ಬರೆಸಿಲ್ಲ. ಬರೆಸಿದ್ರೆ ಅಕ್ಕನ ಸಾವು ಹೇಳೋಕೆ ಬಂದವರು ಯಾರು ಅಂತ ಕೇಳ್ತಾರೆ. ಹಾಗಾಗಿ ಆ ಎರಡು ಕೋಣೆ ಮನೆಯಲ್ಲಿ ಕಾಗದದ ಪ್ರಕಾರ ಅಪ್ಪ ಮಗ ಇದ್ದಾರೆ. ಹೊಲಿಗೆ ಮಿಷನ್ನಿನ ಸಂದಿಯಲ್ಲಿ ಇನ್ನೂ ಗುಂಡುಸೂಜಿ ಸಿಗುತ್ತಂತೆ. ಸಿಕ್ಕಿದ್ದನ್ನ ಪೇಜಣ್ಣ ಬಾಯಲ್ಲಿಟ್ಕೊತಾನೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ಅದನ್ನ ನಾನು ಕಣ್ಣಾರೆ ನೋಡಿಲ್ಲ, ಆಣೆ ಹಾಕಲ್ಲ.

ಪೇಜು? ತಿದ್ದಿದ್ರು, ತಿದ್ದಲಿಲ್ಲ ಅನ್ನೋಕಾಗಲ್ಲ. ಅಕ್ಕನ ವಿಷಯ ಸ್ವಲ್ಪ ಹೊರಗೆ ಗುಲ್ಲಾದಾಗ ಸಾಹೇಬರು ಕನ್ನಡಕ ಒರೆಸಿ ಒಂದು ಉಪಾಯ ಮಾಡಿದ್ರು. ಪೇಜಿನ ಒಳಗಿನ ಸಾಲು ತಿದ್ದಿದ್ರೆ ತಪ್ಪು ಒಪ್ಕೊಂಡ ಹಾಗೆ, ಪ್ರೊಸೀಜರ್ ತಿದ್ದೋಕೆ ಮೇಷ್ಟ್ರು ಕಾಗದದಲ್ಲಿಲ್ಲ. ಆದ್ರೆ ಖಾನೆಯ ಮೇಲೆ ಬರೆದಿರೋ ಹೆಸರು ಬದಲಾಯಿಸೋದು ನಾಮಫಲಕ ವಿಭಾಗಕ್ಕೆ ಬರುತ್ತೆ, ಕಕ್ಕಸಿನ ಬಾಗಿಲ ಮೇಲೆ ಗಂಡಸರು ಹೆಂಗಸರು ಅಂತ ಬರೆಸೋ ವಿಭಾಗ. ಅವರು ಬಂದು ಪೇಜಿನ ಮೊದಲನೇ ಖಾನೆ ಮೇಲೆ ಹೋದವರು ಅಂತ, ಎರಡನೇದರ ಮೇಲೆ ಬಂದು ಹೇಳಿದವರು ಅಂತ ಬದಲಾಯಿಸಿದ್ರು. ಕೆಲಸ ಸರಿ. ಆದ್ರೆ ನಿಮ್ಮ ಕೈಯಲ್ಲಿರೋ ಫಾರಂ ಇದೆಯಲ್ಲ, ಅದು ಹಳೇದು. ಗೋಡೌನಿನಲ್ಲಿ ಒಂದು ಲಕ್ಷ ಬಿದ್ದಿದೆ, ಮುಗಿಯೋವರೆಗೂ ಹೊಸದು ಹ್ಯಾಗೆ ಹಾಕಿಸ್ತಾರೆ? ಅದರಲ್ಲಿ ಇನ್ನೂ ಮೊದಲನೇ ಸಾಲು ಬಂದು ಹೇಳಿದವರು, ಎರಡನೇ ಸಾಲು ಹೋದವರು.

ಹೆದರ್ಕೋಬೇಡಿ. ಸಾವಿನ ಕಡೆ ಎರಡು ಕೌಂಟರಿದೆ. ಒಂದನೇ ಕೌಂಟರಿನಮ್ಮ ಖಾನೆ ಮೇಲಿನ ಹೆಸರು ಓದಿ ಓದಿ ಹೊಡೀತಾರೆ. ಅಲ್ಲಿಗೆ ಕರೆದ್ರೆ ಫಾರಂ ಹೀಗೇ ಕೊಡಿ, ಏನೂ ಆಗಲ್ಲ. ಎರಡನೇ ಕೌಂಟರಿನವರದು ಬೆರಳಿನ ಅಭ್ಯಾಸ. ಓದಲ್ಲ. ಫಾರಮ್ಮಿನ ಮೊದಲನೇ ಸಾಲು ಪೇಜಿನ ಮೊದಲನೇ ಖಾನೆಗೆ, ಎರಡನೇ ಸಾಲು ಎರಡನೇ ಖಾನೆಗೆ, ಕಣ್ಣು ಮುಚ್ಚಿ ಇಳಿಸ್ತಾರೆ.

ನನ್ನ ಟೋಕನ್ನಾ? ನಂದು ಹನ್ನೆರಡು. ಹೌದು, ದಾಟಿ ಹೋಯ್ತು. ದಿನಾ ದಾಟುತ್ತೆ. ಅತ್ತಿಗೆಯ ಸಾವು ಬರೆಸೋಕೆ ಅಂತ ಎರಡನೇ ಕೌಂಟರಿಗೆ ಹೋಗಿದ್ದೆ, ಹೋದ ವರ್ಷ. ಇರ್ಲಿ ಬಿಡಿ, ನನ್ನ ಕಥೆ ಈಗ ಯಾಕೆ.

ಏನಂದ್ರು? ನಲವತ್ತೇಳಾ? ಇಷ್ಟು ಬೇಗನಾ? ನಡುವಿನವರು ಬೇಸತ್ತು ಎದ್ದು ಹೋಗಿರಬೇಕು. ಯಾವ ಕೌಂಟರ್ ಅಂದ್ರು, ಎರಡಾ? ಹಾಗಾದ್ರೆ ಒಂದು ನಿಮಿಷ ಕೂತ್ಕೊಳ್ಳಿ, ಪೆನ್ನು ಇಲ್ಲಿ ಕೊಡಿ, ಮೊದಲನೇ ಸಾಲಿನಲ್ಲಿ ನಿಮ್ಮ ಹೆಸರಿದೆಯಲ್ಲ, ಅದನ್ನ ಹೊಡೆದು ಹಾಕಿ ಅಲ್ಲಿ ಚಿಕ್ಕಪ್ಪನ ಹೆಸರು, ರೀ, ಬೇಜಾರು ಮಾಡ್ಕೋಬೇಡಿ, ಕಥೆ ಅಲ್ಲ ಇದು, ಫಾರಂ ಹಾಗೇ ತಗೊಂಡು ಹೋದ್ರೆ ಅವರು ನಿಮ್ಮನ್ನ